ಗಂಟೆ ಬಾರಿಸಿದ ಮೇಲೂ ಮುಗಿಯದ ದುಡಿಮೆ

ದುಡಿಯುವ ಮನುಷ್ಯ ದಣಿಯುತ್ತಾನೆ. ದಣಿದವನು ಉಂಡು ಮಲಗಿ ಎದ್ದರೆ ಮತ್ತೆ ದುಡಿಯಬಲ್ಲ. ನಮ್ಮ ಹಿರಿಯರು ಕಂಡುಕೊಂಡಿದ್ದ ಲೋಕನಿಯಮ ಇದು. ಆದರೆ ಇಂದು ನಮ್ಮ ಮನೆಗಳಿಂದ ಕೆಲಸಕ್ಕೆ ಹೋಗುವ ಅನೇಕ ಯುವಕ ಯುವತಿಯರ ದಣಿವು ಬೇರೆ ಬಗೆಯದು. ಭಾನುವಾರದ ನಿದ್ರೆಯಿಂದ ಅದು ನೀಗುವುದಿಲ್ಲ. ಹಬ್ಬದ ರಜೆಯಿಂದಲೂ ನೀಗುವುದಿಲ್ಲ. ದೀಪದಲ್ಲಿ ಎಣ್ಣೆ ತೀರಿದಾಗ ಬತ್ತಿಯೇ ಉರಿಯತೊಡಗುತ್ತದೆ. ಹಾಗೆಯೇ ಚೈತನ್ಯ ಬರಿದಾದ ಮೇಲೆ ಮನುಷ್ಯನೇ ಉರಿದುಹೋಗುವ ಸ್ಥಿತಿ ಇದು. ‘ಬರ್ನ್‌ಔಟ್’ ಎಂಬ ಇಂಗ್ಲಿಷ್ ಪದ ಈಗ ನಮ್ಮ ಮಕ್ಕಳ ಬಾಯಲ್ಲಿ ಸಲೀಸಾಗಿ ಬರುತ್ತಿದೆ.

ಈ ಸ್ಥಿತಿಗೆ ಮದ್ದೆಂದು ಕಂಪನಿಗಳು, ಬ್ಯಾಂಕುಗಳು, ದೊಡ್ಡ ಆಸ್ಪತ್ರೆಗಳು ‘ವೆಲ್‌ನೆಸ್’ ಎಂಬ ಹೆಸರಿನಲ್ಲಿ ಹಲವು ಸೌಲಭ್ಯಗಳನ್ನು ಒದಗಿಸುತ್ತಿವೆ. ವಾರಕ್ಕೊಂದು ಯೋಗ ತರಗತಿ, ಮೊಬೈಲಿನಲ್ಲಿ ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ಉಪನ್ಯಾಸ, ಆಪ್ತಸಮಾಲೋಚಕರ ದೂರವಾಣಿ ಸಂಖ್ಯೆ, ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಇವುಗಳ ಹಿಂದಿನ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ಕೊರತೆ ಇರುವುದು ಮದ್ದಿನಲ್ಲಿಯೇ ಅಥವಾ ರೋಗವನ್ನು ಗುರುತಿಸಿದ ರೀತಿಯಲ್ಲಿಯೇ ಎಂದು ಕೇಳುವ ಹೊತ್ತು ಬಂದಿದೆ. ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ನೆರವಾಗುವ ಕೃತಿ, ಅಮೆರಿಕದ ಲೇಖಕ ಜೋನಥನ್ ಮಲೆಸಿಕ್ ಅವರ ‘ದಿ ಎಂಡ್ ಆಫ್ ಬರ್ನ್‌ಔಟ್’. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ 2022ರಲ್ಲಿ ಇದನ್ನು ಹೊರತಂದಿತು. ದೈವಶಾಸ್ತ್ರವನ್ನು ಬೋಧಿಸುತ್ತಿದ್ದ ಲೇಖಕರು ತಮ್ಮ ಹುಡುಕಾಟದಲ್ಲಿ ಕಚೇರಿಗಳನ್ನು ದಾಟಿ ಮಠಗಳ ಬಾಗಿಲನ್ನೂ ತಟ್ಟಿರುವುದರಿಂದ, ಧರ್ಮಕೇಂದ್ರದ ಕುಟುಂಬಗಳು ಇದನ್ನು ವಿಶೇಷ ಆಸಕ್ತಿಯಿಂದ ಓದಬಹುದು. ಹಾಗೆಂದು ಇದನ್ನು ಪೂರ್ತಿಯಾಗಿ ಒಪ್ಪಬೇಕಾಗಿಯೂ ಇಲ್ಲ.

ಲೇಖಕರ ಪ್ರಶ್ನೆ

ಮಲೆಸಿಕ್ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಚಿಕ್ಕ ಕಥೋಲಿಕ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅದು ಬಯಸಿ ಪಡೆದ ವೃತ್ತಿ, ಖಾಯಂ ಹುದ್ದೆ, ಸಮಾಜದಲ್ಲಿ ಗೌರವ. ಆದರೂ ಕೆಲವು ವರ್ಷಗಳಲ್ಲಿ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಅವರಿಗೆ ಕಷ್ಟವಾಯಿತು. ವಿದ್ಯಾರ್ಥಿಗಳ ಮೇಲೆ ಅಸಹನೆ ಹುಟ್ಟಿತು. ತಾನು ಮಾಡುತ್ತಿರುವುದೆಲ್ಲ ವ್ಯರ್ಥ ಎಂಬ ಭಾವ ಕವಿಯಿತು. ಸಂಬಳವಿಲ್ಲದ ರಜೆ ಪಡೆದು ವಿಶ್ರಾಂತಿ ತೆಗೆದುಕೊಂಡರು. ಹಿಂತಿರುಗಿದಾಗ ಎಲ್ಲವೂ ಮೊದಲಿನಂತೆಯೇ ಇತ್ತು. ಕೊನೆಗೆ ರಾಜೀನಾಮೆ ನೀಡಿದರು.

ಇದೇ ವ್ಯಕ್ತಿ, ಪ್ರಾಧ್ಯಾಪಕರಾಗುವ ಮುನ್ನ, ಕಾರು ನಿಲ್ಲಿಸುವ ಒಂದು ಜಾಗದಲ್ಲಿ ಹಣ ವಸೂಲಿ ಮಾಡುವ ಕೆಲಸದಲ್ಲಿದ್ದರು. ಯಾರೂ ಗೌರವಿಸದ ಆ ಕೆಲಸದಲ್ಲಿ ಅವರು ನೆಮ್ಮದಿಯಾಗಿದ್ದರು. ಕೃತಿಯ ಮೂಲ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ‘ಒಳ್ಳೆಯ’ ಕೆಲಸ ಮನುಷ್ಯನನ್ನು ಸುಟ್ಟು ‘ಕೀಳು’ ಕೆಲಸ ಅವನನ್ನು ಉಳಿಸಿದ್ದು ಹೇಗೆ? ಲೇಖಕರ ಉತ್ತರವೆಂದರೆ, ಕಾರು ನಿಲ್ಲಿಸುವ ಜಾಗದಿಂದ ಅವರು ಸಂಬಳವನ್ನಷ್ಟೇ ಬಯಸಿದ್ದರು. ಕಾಲೇಜಿನಿಂದ ತಮ್ಮ ಬಾಳಿನ ಅರ್ಥವನ್ನೇ ಬಯಸಿದ್ದರು.

ಪದದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ನೆನೆಯುವುದು ಉಚಿತ. ಇಂಗ್ಲೆಂಡಿನ ಕಾದಂಬರಿಕಾರ ಗ್ರಹಾಂ ಗ್ರೀನ್ 1960ರ ದಶಕದ ಆರಂಭದಲ್ಲಿ ಬರೆದ ‘ಎ ಬರ್ನ್ಟ್‌-ಔಟ್ ಕೇಸ್’ ಕಾದಂಬರಿಯ ಕಥೆ ನಡೆಯುವುದು ಕಾಂಗೋ ದೇಶದಲ್ಲಿ, ಕಥೋಲಿಕ ಗುರುಗಳು ನಡೆಸುವ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ. ರೋಗ ತನ್ನಷ್ಟಕ್ಕೆ ಉರಿದು ಆರಿದ ಮೇಲೆ, ಬೆರಳುಗಳನ್ನು ಕಳೆದುಕೊಂಡು ಉಳಿದ ರೋಗಿಗೆ ಅಲ್ಲಿನ ಹೆಸರು ಅದು. ಕೀರ್ತಿಯ ಶಿಖರದಿಂದ ಬಳಲಿ ಅಲ್ಲಿಗೆ ಬಂದ ವಾಸ್ತುಶಿಲ್ಪಿಯೊಬ್ಬನ ಒಳಗೂ ಅದೇ ಬಗೆಯ ನಿರ್ವೇದ. 1974ರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದ ಸ್ವಯಂಸೇವಕರ ಬಳಲಿಕೆಯನ್ನು ಕುರಿತು ಬರೆಯುತ್ತ ಈ ಪದವನ್ನು ವಿದ್ವತ್ ವಲಯಕ್ಕೆ ತಂದರು. ಬಳಿಕ ಕ್ರಿಸ್ಟಿನಾ ಮಸ್ಲಾಕ್ ಅದರ ಮೂರು ಮುಖಗಳನ್ನು ಗುರುತಿಸಿದರು. ಮನಸ್ಸು ಬರಿದಾಗುವುದು ಮೊದಲನೆಯದು. ಎದುರಿಗಿರುವ ಮನುಷ್ಯನನ್ನು ವಸ್ತುವಿನಂತೆ ಕಾಣತೊಡಗುವುದು ಎರಡನೆಯದು. ತನ್ನ ಕೆಲಸದಿಂದ ಏನೂ ಸಾಧ್ಯವಾಗುತ್ತಿಲ್ಲ ಎಂಬ ಹತಾಶೆ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಜಾಗ ಸಿಕ್ಕಿದೆ. ಆದರೆ ರೋಗವೆಂದಲ್ಲ, ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಹುಟ್ಟುವ ಉದ್ಯೋಗಸಂಬಂಧಿ ವಿದ್ಯಮಾನವೆಂದು. ಈ ಭೇದ ಮುಖ್ಯವಾದುದು. ದೋಷ ಕೆಲಸದ ವ್ಯವಸ್ಥೆಯಲ್ಲಿದೆ ಎಂಬುದು ಆ ವ್ಯಾಖ್ಯೆಯಲ್ಲಿಯೇ ಅಡಗಿದೆ.

ಎರಡು ಮರಗಾಲುಗಳು

ಮಲೆಸಿಕ್ ಅವರ ಪ್ರಮುಖ ವಾದವನ್ನು ಅವರೇ ಕೊಡುವ ಒಂದು ಚಿತ್ರದಿಂದ ತಿಳಿಯಬಹುದು. ಜಾತ್ರೆಯಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವವನನ್ನು ನಾವು ನೋಡಿದ್ದೇವೆ. ಕೆಲಸ ಮಾಡುವವನಿಗೂ ಅಂತಹ ಎರಡು ಮರಗಾಲುಗಳಿವೆ: ಒಂದು ಕೆಲಸದ ಬಗೆಗಿನ ಆದರ್ಶ, ಇನ್ನೊಂದು ಕೆಲಸದ ನಿಜಸ್ಥಿತಿ. ಎರಡೂ ಹತ್ತಿರದಲ್ಲಿದ್ದರೆ ನಡೆಯುವುದು ಸುಲಭ. ಅವು ದೂರ ಸರಿದಷ್ಟೂ ಎರಡನ್ನೂ ಹಿಡಿದು ನಿಲ್ಲಲು ದೇಹ ಸೀಳಿಹೋಗುವಷ್ಟು ಶ್ರಮಪಡಬೇಕು. ಬರ್ನ್‌ಔಟ್ ಎಂದರೆ ಈ ಎಳೆತ.

ಈ ಅಂತರ ಎರಡು ಕಡೆಯಿಂದ ಹಿಗ್ಗಿದೆ ಎನ್ನುತ್ತಾರೆ ಲೇಖಕರು. ಒಂದು ಕಡೆ ಕೆಲಸದ ನಿಜಸ್ಥಿತಿ ಹದಗೆಟ್ಟಿದೆ. ಭದ್ರತೆ ಕಡಿಮೆಯಾಗಿ ಹೊರೆ ಹೆಚ್ಚಿದೆ. ಇನ್ನೊಂದು ಕಡೆ ಕೆಲಸದ ಆದರ್ಶ ಆಕಾಶಕ್ಕೇರಿದೆ. ದುಡಿದರೆ ಘನತೆ ಸಿಗುತ್ತದೆ, ಚಾರಿತ್ರ್ಯ ರೂಪುಗೊಳ್ಳುತ್ತದೆ, ಬಾಳಿಗೆ ಗುರಿ ದೊರೆಯುತ್ತದೆ ಎಂಬ ಮೂರು ಭರವಸೆಗಳನ್ನು ಆಧುನಿಕ ಸಮಾಜ ಪ್ರತಿಯೊಬ್ಬರಿಗೂ ನೀಡುತ್ತದೆ. ಕೆಲಸ ಈ ಭಾರವನ್ನು ಹೊರಲಾರದು. ಭರವಸೆ ಹುಸಿಯಾದಾಗ ಮನುಷ್ಯ ವ್ಯವಸ್ಥೆಯನ್ನು ಬಿಟ್ಟು ತನ್ನನ್ನೇ ದೂರಿಕೊಳ್ಳುತ್ತಾನೆ.

ಇದಕ್ಕೆ ಪ್ರತಿಯಾಗಿ ಮಲೆಸಿಕ್ ಎತ್ತಿಹಿಡಿಯುವ ತತ್ವಗಳಲ್ಲಿ ನಮಗೆ ಪರಿಚಿತವಾದುದೊಂದಿದೆ. ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿ ಹೊರಡಿಸಿದ ‘ರೇರುಮ್ ನೋವಾರುಮ್’ ಪರಿಪತ್ರದ ಪ್ರಕಾರ, ಕಾರ್ಮಿಕನ ಘನತೆ ಅವನ ಕೆಲಸದಿಂದ ಬರುವುದಲ್ಲ; ಅದು ಅವನು ಕೆಲಸಕ್ಕೆ ಬರುವ ಮೊದಲೇ ಅವನಲ್ಲಿದೆ. ಆದುದರಿಂದಲೇ ಕೆಲಸದ ವ್ಯವಸ್ಥೆ ಆ ಘನತೆಗೆ ತಕ್ಕಂತೆ ಬಾಗಬೇಕು. ದೇಹ ಮತ್ತು ಮನಸ್ಸು ಕುಗ್ಗಿಹೋಗುವಂತೆ ದುಡಿಸುವುದು ಅನ್ಯಾಯ, ವಿಶ್ರಾಂತಿಯ ಹಕ್ಕು ಪ್ರತಿಯೊಂದು ಉದ್ಯೋಗದ ಒಪ್ಪಂದದಲ್ಲಿ ಬರೆಯದಿದ್ದರೂ ಇದ್ದೇ ಇದೆ ಎಂದು ಆ ಪರಿಪತ್ರ ಸಾರುತ್ತದೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ತಮ್ಮ ಹೆಸರಿನ ಆಯ್ಕೆಗೆ ಕಾರಣ ಹೇಳುವಾಗ ಇದೇ ಪರಿಪತ್ರವನ್ನು ನೆನೆದರು. ಹಳೆಯ ಮಾತು ಹಳತಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹನ್ನೆರಡೂ ನಲವತ್ತರ ಗಂಟೆ

ಕೃತಿಯ ಅತ್ಯುತ್ತಮ ಅಧ್ಯಾಯ ಬೆನೆಡಿಕ್ಟೀನ್ ಸಂನ್ಯಾಸಿಗಳನ್ನು ಕುರಿತದ್ದು. ನ್ಯೂ ಮೆಕ್ಸಿಕೋ ರಾಜ್ಯದ ಮರುಭೂಮಿಯ ಕಣಿವೆಯೊಂದರಲ್ಲಿ ‘ಕ್ರೈಸ್ಟ್ ಇನ್ ದ ಡೆಸರ್ಟ್’ ಎಂಬ ಮಠವಿದೆ. ಅಲ್ಲಿನ ಸಂನ್ಯಾಸಿಗಳ ಕೆಲಸ ಬೆಳಿಗ್ಗೆ ಆರಂಭವಾಗಿ ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ ಮುಗಿಯುತ್ತದೆ. ಗಂಟೆ ಬಾರಿಸಿತೆಂದರೆ ಕೈಯಲ್ಲಿದ್ದುದನ್ನು ಅಲ್ಲಿಯೇ ಬಿಟ್ಟು ಪ್ರಾರ್ಥನೆಗೆ ಹೊರಡಬೇಕು. ಕೆಲಸ ಅರ್ಧಕ್ಕೆ ನಿಂತಾಗ ಮನಸ್ಸು ತಳಮಳಗೊಳ್ಳುವುದಿಲ್ಲವೇ ಎಂದು ಲೇಖಕರು ಅಲ್ಲಿನ ಒಬ್ಬ ಗುರುಗಳನ್ನು ಕೇಳುತ್ತಾರೆ. ಆ ತಳಮಳವನ್ನು ದಾಟಿ ಮುಂದೆ ನಡೆಯುವುದೇ ಅಭ್ಯಾಸ ಎಂಬುದು ಗುರುಗಳ ಉತ್ತರದ ಸಾರ.

ಇದು ಬರಿಯ ಮಾತಲ್ಲ. 1990ರ ದಶಕದಲ್ಲಿ ಇದೇ ಮಠದವರು ಗಣಕಯಂತ್ರಗಳನ್ನು ತಂದು ಧರ್ಮಕೇಂದ್ರಗಳು ಮತ್ತು ಧರ್ಮಪ್ರಾಂತ್ಯಗಳಿಗೆ ಅಂತರಜಾಲ ಪುಟಗಳನ್ನು ರೂಪಿಸಿಕೊಡುವ ಕಾರ್ಯ ಕೈಗೊಂಡರು. ಬೇಡಿಕೆ ಬೆಳೆಯಿತು, ಹೆಸರೂ ಬಂತು. ಆದರೆ ಆ ಬೇಡಿಕೆಯನ್ನು ಪೂರೈಸಲು ಪ್ರಾರ್ಥನೆಯ ವೇಳೆಯನ್ನು ಕಡಿತಗೊಳಿಸಬೇಕಾದ ಸಂದರ್ಭ ಎದುರಾದಾಗ ಅವರು ಬಿಟ್ಟದ್ದು ಆ ಕಾರ್ಯವನ್ನು. ಲಾಭ ತರುವ ಉದ್ಯಮವನ್ನು ಅದು ಯಶಸ್ವಿಯಾಗಿರುವಾಗಲೇ ಕೈಬಿಡುವ ಧೈರ್ಯ ಯಾವ ಕಂಪನಿಯ ಆಡಳಿತ ಮಂಡಳಿಗಿದೆ?

ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ ಇದರ ಬೇರು ಇದೆ. ಪ್ರಾರ್ಥನೆಯ ಸೂಚನೆ ಕೇಳಿದೊಡನೆ ಕೈಯಲ್ಲಿರುವ ಕೆಲಸ ಬಿಡಬೇಕೆಂದು 43ನೆಯ ಅಧ್ಯಾಯ ವಿಧಿಸುತ್ತದೆ. 57ನೆಯ ಅಧ್ಯಾಯದ ಪ್ರಕಾರ, ತನ್ನ ಕುಶಲತೆಯಿಂದಲೇ ಮಠ ನಡೆಯುತ್ತಿದೆ ಎಂದು ಬೀಗುವ ಕುಶಲಕರ್ಮಿಯನ್ನು ಆ ಕೆಲಸದಿಂದ ಬಿಡಿಸಬೇಕು. ಕನ್ನಡದಲ್ಲಿ ಗಂಟೆ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ: ಬಾರಿಸುವ ಗಂಟೆ, ಹೊತ್ತನ್ನು ಅಳೆಯುವ ಗಂಟೆ. ಇಂದಿನ ಉದ್ಯೋಗಿಗೆ ಅಳೆಯುವ ಗಂಟೆಗಳು ಬೇಕಾದಷ್ಟಿವೆ. ಸಾಕು ಎಂದು ಬಾರಿಸುವ ಗಂಟೆಯೇ ಇಲ್ಲ.

ಪುರಾವೆ ಹೇಳುವುದೇನು?

ಮಲೆಸಿಕ್ ಅವರ ವಾದ ಆದರ್ಶದ ನೆಲೆಯಲ್ಲಿ ಸೊಗಸಾಗಿದೆ. ಅಂಕಿಅಂಶಗಳ ನೆಲೆಯಲ್ಲಿಯೂ ಅದು ನಿಲ್ಲುವುದೇ? ಅವರ ಕೃತಿ ಹೊರಬಂದ ಬಳಿಕ, 2024ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ಫ್ಲೆಮಿಂಗ್ ಒಂದು ಅಧ್ಯಯನವನ್ನು ಪ್ರಕಟಿಸಿದರು. ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಉತ್ತರಗಳನ್ನು ಅವರು ಪರಿಶೀಲಿಸಿದ್ದರು. ಧ್ಯಾನದ ತರಬೇತಿ, ಒತ್ತಡ ನಿರ್ವಹಣೆಯ ತರಗತಿ, ನಿದ್ರೆಗೆ ನೆರವಾಗುವ ಆ್ಯಪ್ ಮುಂತಾದವುಗಳಲ್ಲಿ ಭಾಗವಹಿಸಿದವರು, ಭಾಗವಹಿಸದವರಿಗಿಂತ ಹೆಚ್ಚು ಕ್ಷೇಮವಾಗಿರಲಿಲ್ಲ. ಇದಕ್ಕೆ ಹೊರತಾಗಿದ್ದುದು ಒಂದೇ: ದಾನಧರ್ಮದ ಕೆಲಸಗಳಲ್ಲಿ ಸ್ವಯಂಸೇವೆ ಮಾಡುವ ಅವಕಾಶ. ಒಂದೇ ಕಾಲದಲ್ಲಿ ಪಡೆದ ಉತ್ತರಗಳ ಹೋಲಿಕೆಯಾದುದರಿಂದ ಇದನ್ನು ಕೊನೆಯ ತೀರ್ಪೆಂದು ಭಾವಿಸಲಾಗದು, ಆದರೂ ಕಡೆಗಣಿಸುವಂತಿಲ್ಲ.

2019ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಇನ್ನೊಂದು ಅಧ್ಯಯನ ಹೆಚ್ಚು ಕಟ್ಟುನಿಟ್ಟಾದುದು. ಒಂದು ದೊಡ್ಡ ವ್ಯಾಪಾರಸಂಸ್ಥೆಯ 160 ಮಳಿಗೆಗಳಲ್ಲಿ ಚೀಟಿ ಎತ್ತಿದಂತೆ 20ನ್ನು ಆರಿಸಿ, ಅಲ್ಲಿ ಮಾತ್ರ ವೆಲ್‌ನೆಸ್ ಕಾರ್ಯಕ್ರಮವನ್ನು ನಡೆಸಲಾಯಿತು. ಒಟ್ಟು ನೌಕರರು ಸುಮಾರು 33,000. 18 ತಿಂಗಳ ಬಳಿಕ ನೋಡಿದರೆ, ಕಾರ್ಯಕ್ರಮವಿದ್ದ ಕಡೆ ವ್ಯಾಯಾಮ ಮಾಡುತ್ತೇವೆಂದು ಹೇಳುವವರು ಹೆಚ್ಚಿದ್ದರು. ಆದರೆ ರಕ್ತದೊತ್ತಡ, ಗೈರುಹಾಜರಿ, ಚಿಕಿತ್ಸೆಯ ವೆಚ್ಚ, ಕೆಲಸದ ಗುಣಮಟ್ಟ ಇವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ ಕಾರ್ಯಕ್ರಮದ ಗುರಿ ಸಾಮಾನ್ಯ ಆರೋಗ್ಯವಾಗಿತ್ತು, ಬರ್ನ್‌ಔಟ್ ಅಲ್ಲ ಎಂಬುದನ್ನು ನೆನಪಿಡಬೇಕು. ಆದರೆ ಕೆಲಸವನ್ನು ಮುಟ್ಟದೆ ಕೆಲಸಗಾರನನ್ನು ಮಾತ್ರ ತಿದ್ದಲು ಹೊರಟರೆ ಫಲ ಎಷ್ಟು ಅಲ್ಪ ಎಂಬ ಎಚ್ಚರಿಕೆ ಎರಡರಲ್ಲಿಯೂ ಇದೆ.

ಹಾಗಾದರೆ ಏನನ್ನು ತಿದ್ದಬೇಕು? ಮಸ್ಲಾಕ್ ಮತ್ತು ಅವರ ಸಹಲೇಖಕ ಮೈಕೆಲ್ ಲೈಟರ್ ಆರು ಎಡೆಗಳನ್ನು ತೋರಿಸಿದ್ದಾರೆ: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಒಡನಾಟ, ನ್ಯಾಯ, ಮೌಲ್ಯ. ಇವುಗಳಲ್ಲಿ ಯಾವುದೊಂದು ಹದಗೆಟ್ಟರೂ ಮನುಷ್ಯ ಸೊರಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳೂ ಕೆಲಸದ ವ್ಯವಸ್ಥೆಯನ್ನೇ ಬದಲಿಸುವ ಕ್ರಮಗಳನ್ನು ಶಿಫಾರಸು ಮಾಡುತ್ತವೆ. ಮೇಲಧಿಕಾರಿಗಳಿಗೆ ತರಬೇತಿ ಬೇಕೆಂದು ಆ ಸಂಸ್ಥೆ ಹೇಳಿದ್ದು ಅದೇ ಮೊದಲು. ಅಂದರೆ ಉತ್ತಮವಾದ ವೆಲ್‌ನೆಸ್ ಕಾರ್ಯಕ್ರಮ ಎಂದರೆ ಖಾಲಿ ಹುದ್ದೆಗಳನ್ನು ತುಂಬುವುದು, ಪಾಳಿಯ ಪಟ್ಟಿಯನ್ನು ಮುಂಚಿತವಾಗಿ ತಿಳಿಸುವುದು, ರಾತ್ರಿ ಹೊತ್ತು ಸಂದೇಶ ಕಳುಹಿಸದಿರುವುದು, ರಜೆ ಕೇಳಿದವನನ್ನು ಅಪರಾಧಿಯಂತೆ ಕಾಣದಿರುವುದು.

ಇದರಲ್ಲಿ ಹೊಸತೇನೂ ಇಲ್ಲ. ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತ ಕುಳಿತ ಮೋಶೆಯನ್ನು ಅವನ ಮಾವ ಇತ್ರೋ ಕಾಣುತ್ತಾನೆ. ಹೀಗೆ ನಡೆದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸುತ್ತಾನೆ. ಅವನು ಅಳಿಯನಿಗೆ ಸಹನೆಯ ಪಾಠ ಹೇಳಲಿಲ್ಲ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರಂತೆ ಅಧಿಕಾರಿಗಳನ್ನು ನೇಮಿಸಿ ಹೊರೆಯನ್ನು ಹಂಚಲು ಹೇಳಿದ.

ಕೃತಿಯ ಕೊರತೆಗಳು

ಇಷ್ಟು ಮೆಚ್ಚಿದ ಮೇಲೆ ಕೃತಿಯ ಮಿತಿಗಳನ್ನೂ ಹೇಳಬೇಕು. ಮೊದಲನೆಯದು, ಹಣ ಮತ್ತು ಅಧಿಕಾರದ ಪ್ರಶ್ನೆ. ಮಠವಾಸಿಗೆ ಮನೆ ಸಾಲದ ಕಂತಿಲ್ಲ, ಮಕ್ಕಳ ಶಾಲಾ ಶುಲ್ಕವಿಲ್ಲ, ವೃದ್ಧ ತಂದೆತಾಯಿಗಳ ಔಷಧಿಯ ಚೀಟಿಯಿಲ್ಲ. ಗಂಟೆ ಬಾರಿಸಿದಾಗ ಅವನು ಎದ್ದು ಹೋಗಬಲ್ಲ. ಏಕೆಂದರೆ ಅವನ ಮೇಲಧಿಕಾರಿಯೂ ಅದೇ ಗಂಟೆಗೆ ಏಳುತ್ತಾನೆ. ಬೆಂಗಳೂರಿನಲ್ಲಿ ಸಾಲ ಮಾಡಿ ಮನೆ ಕೊಂಡವನಿಗೆ, ಮೇಲಧಿಕಾರಿ ಕುಳಿತೇ ಇರುವಾಗ ಎದ್ದು ಹೋಗುವುದು ಸಾಧ್ಯವೇ? ಆದರ್ಶವನ್ನು ಇಳಿಸಿಕೊಳ್ಳಿ ಎಂಬ ಸಲಹೆ ಪ್ರಾಧ್ಯಾಪಕನಿಗೆ ಹೊಂದಬಹುದು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಕೆಲಸದ ಬಗ್ಗೆ ದೊಡ್ಡ ಆದರ್ಶವೇನೂ ಇರಲಿಲ್ಲ; ಅವಳ ದಣಿವಿಗೆ ಕಾರಣ ದಿನದ ಗುರಿ ಮತ್ತು ಸಾಲದ ಕೂಲಿ. ಲೇಖಕರು ನ್ಯಾಯವಾದ ಕೂಲಿಯ ಅಗತ್ಯವನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರ ಮನಸ್ಸು ನೆಲೆಸುವುದು ಸಂಸ್ಕೃತಿಯ ಪ್ರಶ್ನೆಯಲ್ಲಿ; ಕಾನೂನು ಮತ್ತು ಕಾರ್ಮಿಕ ಸಂಘಟನೆಗಳು ಹಿನ್ನೆಲೆಗೆ ಸರಿಯುತ್ತವೆ.

ನಮ್ಮ ನಾಡಿನಲ್ಲಿ ಅವು ಹಿನ್ನೆಲೆಗೆ ಸರಿಯುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ದಿನಕ್ಕೆ 12 ಗಂಟೆಗಳಿಗೂ ಮೀರಿ, ಮೂರು ತಿಂಗಳಿಗೆ 125 ಗಂಟೆಗಳ ಮಿತಿಯೊಳಗೆ ಹೆಚ್ಚುವರಿಯಾಗಿ ದುಡಿಸಿಕೊಳ್ಳಲು ಅವಕಾಶ ನೀಡುವ ಪ್ರಸ್ತಾವವೊಂದು 2024ರ ಜುಲೈಯಲ್ಲಿ ಕರ್ನಾಟಕದಲ್ಲಿ ಚರ್ಚೆಗೆ ಬಂತು. ನೌಕರರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಅದೇ ತಿಂಗಳು ಪುಣೆಯಲ್ಲಿ, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ ಕೇರಳದ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬಳು ತೀರಿಕೊಂಡಳು. ಮಿತಿಮೀರಿದ ಕೆಲಸದ ಹೊರೆಯನ್ನು ದೂರಿ ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರಿನಲ್ಲಿ ದೇಶದ ಗಮನ ಸೆಳೆಯಿತು. ಕೇಂದ್ರ ಕಾರ್ಮಿಕ ಸಚಿವಾಲಯ ವಿಚಾರಣೆ ನಡೆಸುವುದಾಗಿ ಹೇಳಿತು. ಸಾವಿನ ಕಾರಣವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಆ ತಾಯಿಯ ಅಳಲಿನಲ್ಲಿ ತಮ್ಮ ಮನೆಯ ಮಾತನ್ನೇ ಕೇಳಿದ ಹೆತ್ತವರು ಎಷ್ಟು ಮಂದಿಯೋ!

ಎರಡನೆಯ ಕೊರತೆ, ಮನೆಗೆಲಸ. ಸಂಬಳದ ಕೆಲಸಕ್ಕೆ ಗಂಟೆ ಬೇಕೆನ್ನುವ ಕೃತಿ, ಸಂಬಳವಿಲ್ಲದ ಕೆಲಸದ ಕುರಿತು ಹೇಳಬೇಕಾದಷ್ಟು ಹೇಳುವುದಿಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ದಾದಿಗೆ ಮನೆಯಲ್ಲಿ ಇನ್ನೊಂದು ಪಾಳಿ ಕಾದಿರುತ್ತದೆ. ಅಡುಗೆ, ಪಾತ್ರೆ, ಮಕ್ಕಳ ಪಾಠ, ಅತ್ತೆಯ ಆರೈಕೆ. ಅವಳ ಪಾಲಿಗೆ ಯಾವ ಗಂಟೆಯೂ ಬಾರಿಸುವುದಿಲ್ಲ. ಮಠದಲ್ಲಿ ಅಡುಗೆಮನೆಯ ಸರದಿ ಎಲ್ಲರಿಗೂ ಬರುತ್ತದೆ. ಕುಟುಂಬದಲ್ಲಿ ಅದು ಒಬ್ಬಳಿಗೇ ಬರುತ್ತದೆ. ಈ ವ್ಯತ್ಯಾಸವನ್ನು ಲೇಖಕರು ಎತ್ತಿ ಆಡಿದ್ದರೆ ಕೃತಿಯ ತೂಕ ಹೆಚ್ಚುತ್ತಿತ್ತು.

ನಮ್ಮ ನೆಲದ ಮಾತು

ಕೆಲಸವನ್ನು ದೈವಕ್ಕೇರಿಸುವ ರೂಢಿ ಅಮೆರಿಕದವರದು ಮಾತ್ರವಲ್ಲ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ನಮ್ಮ ವಿಧಾನಸೌಧದ ಮೇಲೆಯೇ ಕೆತ್ತಲಾಗಿದೆ. ಶರಣರ ಕಾಯಕ ತತ್ವ ಎಷ್ಟೋ ಕಚೇರಿಗಳ ಗೋಡೆಯ ಮೇಲೆ ತೂಗುತ್ತದೆ. ಆದರೆ ಕಾಯಕವನ್ನು ಹೆಚ್ಚು ದುಡಿಸುವ ಮಂತ್ರವಾಗಿ ಬಳಸುವವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮರೆತಿದ್ದಾರೆ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬಾಳುತ್ತಿದ್ದ ದಂಪತಿಗಳಲ್ಲಿ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ನಮಗೆ ಎಂದಿನಷ್ಟೇ ಸಾಕು, ಉಳಿದುದನ್ನು ಅಲ್ಲಿಯೇ ಚೆಲ್ಲಿ ಬಾ ಎಂದಳು. ಹನ್ನೆರಡನೆಯ ಶತಮಾನದ ಕನ್ನಡ ಹೆಣ್ಣುಮಗಳ ಈ ‘ಸಾಕು’ ಮತ್ತು ಮರುಭೂಮಿಯ ಮಠದ ಗಂಟೆ ಹೇಳುವುದು ಒಂದನ್ನೇ. ಮಿತಿಯಿಲ್ಲದ ಕಾಯಕ ಕಾಯಕವಲ್ಲ.

ಇದೇ ಅಳತೆಗೋಲನ್ನು ನಮ್ಮ ಶಾಲೆಗಳಿಗೂ ಆಸ್ಪತ್ರೆಗಳಿಗೂ ಹಿಡಿಯಬೇಕು. ಕ್ರೈಸ್ತ ಸಂಸ್ಥೆಗಳಲ್ಲಿ ಕೆಲಸಕ್ಕೆ ‘ಸೇವೆ’ ಎಂಬ ಹೆಸರಿದೆ. ಆ ಹೆಸರು ದೊಡ್ಡದು. ಅದರ ಅಪಾಯವೂ ದೊಡ್ಡದು. ಸೇವೆ ಎಂದ ಮೇಲೆ ಸಂಬಳ ಕೇಳಬಹುದೇ, ಹೊತ್ತು ನೋಡಬಹುದೇ ಎಂಬ ಸಂಕೋಚ ಶಿಕ್ಷಕಿಯ ಬಾಯಿ ಕಟ್ಟುತ್ತದೆ. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಯನ್ನು ಪರಿಶೀಲಿಸಲು ಸಮಿತಿ ರಚಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಚಿಕ್ಕ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ವೇತನ ನೀಡಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಆ ಮೊತ್ತವನ್ನು ಪಡೆಯಲು ಕೇರಳದ ದಾದಿಯರು 2017ರಲ್ಲಿ ಮುಷ್ಕರ ಹೂಡಬೇಕಾಯಿತು. ಹತ್ತು ಮಂದಿ ಮಾಡಬೇಕಾದ ಪಾಳಿಯನ್ನು ಆರು ಮಂದಿಯಿಂದ ಮಾಡಿಸಿ, ಬಳಿಕ ಮನಶ್ಶಾಂತಿಯ ಕುರಿತು ಶಿಬಿರ ಏರ್ಪಡಿಸಿದರೆ ಅದನ್ನು ಏನೆಂದು ಕರೆಯೋಣ?

ಸಂತ ಬೆನೆಡಿಕ್ಟರ ನಿಯಮಾವಳಿಯ 35ನೆಯ ಅಧ್ಯಾಯ ಇಲ್ಲಿ ನಾಚಿಸುವಷ್ಟು ಸರಳವಾಗಿದೆ. ಇತರರಿಗೆ ಊಟ ಬಡಿಸುವ ವಾರದ ಸರದಿಯವರಿಗೆ, ಊಟದ ವೇಳೆಗೆ ಒಂದು ಗಂಟೆ ಮೊದಲು, ಅವರ ಪಾಲಿಗಿಂತ ಹೆಚ್ಚಾಗಿ ರೊಟ್ಟಿಯನ್ನೂ ಪಾನೀಯವನ್ನೂ ಕೊಡಬೇಕು. ಗೊಣಗದೆ, ಕಷ್ಟವಿಲ್ಲದೆ ಅವರು ಸೇವೆ ಮಾಡುವಂತಾಗಬೇಕು. ಬಲಹೀನರಿಗೆ ಸಹಾಯಕರನ್ನು ಕೊಡಬೇಕು. ಸೇವೆ ಮಾಡುವವನ ಹೊಟ್ಟೆಯನ್ನು ಮೊದಲು ವಿಚಾರಿಸುವ ಈ ವಿವೇಕವೇ ನಿಜವಾದ ಕ್ಷೇಮ ಯೋಜನೆ.

ಕೊನೆಯ ಮಾತು

ಆಪ್ತಸಮಾಲೋಚನೆ ವ್ಯರ್ಥವೆಂದು ಇದರಿಂದ ಯಾರೂ ತಿಳಿಯಬಾರದು. ದಣಿವು ಖಿನ್ನತೆಗೆ ತಿರುಗಿದಾಗ, ಬದುಕೇ ಬೇಡವೆನಿಸಿದಾಗ ತಡಮಾಡದೆ ನೆರವು ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮಾರ್ಗದರ್ಶಕ ಕೇಂದ್ರ. ಕನ್ನಡದಲ್ಲಿಯೂ ಮಾತನಾಡಬಹುದು. ಗಾಯಕ್ಕೆ ಮದ್ದು ಬೇಕೇ ಬೇಕು. ಆದರೆ ಗಾಯ ಮಾಡುವ ಯಂತ್ರವನ್ನು ನಿಲ್ಲಿಸದೆ ಮದ್ದನ್ನು ಮಾತ್ರ ಹಂಚುವುದನ್ನು ಕ್ಷೇಮವೆನ್ನಲಾಗದು.

ಮನೆಗಳಲ್ಲಿ ನಾವು ಮಾಡಬಹುದಾದುದೂ ಇದೆ. ಮಗ ರಾತ್ರಿ ಹನ್ನೊಂದಕ್ಕೆ ಬಂದರೆ ಅದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳುವುದನ್ನು ಬಿಡಬಹುದು. ಕೆಲಸ ಬಿಟ್ಟು ಬಂದ ಮಗಳನ್ನು ಸೋತವಳೆಂದು ಕಾಣದಿರಬಹುದು. ಊಟದ ಹೊತ್ತಿಗೆ ಎಲ್ಲರ ಮೊಬೈಲುಗಳನ್ನು ಒಂದು ಕಡೆ ಇರಿಸಬಹುದು. ತಾಯಿಯ ಸರದಿಯನ್ನು ಇತರರೂ ಹಂಚಿಕೊಳ್ಳಬಹುದು. ಮಲೆಸಿಕ್ ತಮ್ಮ ಕೃತಿಯಲ್ಲಿ, ಅಂಗವೈಕಲ್ಯದಿಂದಾಗಿ ಸಂಬಳದ ಕೆಲಸಕ್ಕೆ ಹೋಗಲಾರದ ಕಲಾವಿದರನ್ನೂ ಮಾತನಾಡಿಸುತ್ತಾರೆ. ಅವರ ಬಾಳಿಗೆ ಬೆಲೆಯಿದೆ ಎಂದು ನಾವು ಒಪ್ಪುವುದಾದರೆ, ಮನುಷ್ಯನ ಬೆಲೆ ಅವನ ಹುದ್ದೆಯಲ್ಲಿಲ್ಲ ಎಂಬುದನ್ನೂ ಒಪ್ಪಬೇಕು.

‘ದಿ ಎಂಡ್ ಆಫ್ ಬರ್ನ್‌ಔಟ್’ ಪರಿಪೂರ್ಣ ಕೃತಿಯಲ್ಲ. ಕೂಲಿಯ ಲೆಕ್ಕ, ಕಾನೂನಿನ ಬಲ, ಅಡುಗೆಮನೆಯ ದುಡಿಮೆ ಇವುಗಳ ಕುರಿತು ಅದು ಇನ್ನಷ್ಟು ಹೇಳಬೇಕಿತ್ತು. ಆದರೆ ಉದ್ಯೋಗಿಗೆ ಧ್ಯಾನ ಕಲಿಸಲು ಹೊರಟಿರುವ ಕಾಲದಲ್ಲಿ, ಕೆಲಸಕ್ಕೇ ಮಿತಿ ಕಲಿಸಬೇಕೆಂದು ಅದು ಹೇಳಿದೆ. ಆ ಮಿತಿಯನ್ನು ಒಬ್ಬೊಬ್ಬರೇ ಹಾಕಿಕೊಳ್ಳಲಾಗದು. ಮಾಲೀಕನಿಗೂ ಕೆಲಸಗಾರನಿಗೂ, ಪ್ರಾಂಶುಪಾಲರಿಗೂ ಆಯಾಗೂ ಒಂದೇ ಗಂಟೆ ಬಾರಿಸಬೇಕು. ಬಾರಿಸಿದಾಗ ಮೊದಲು ಏಳಬೇಕಾದವರು ಮೇಲಿನ ಕುರ್ಚಿಯಲ್ಲಿರುವವರು.